ಅಟ್ಟಕ್ಕೆ ಮೆಟ್ಟಿಲು ಎಲ್ಲಿಂದ

ಅಟ್ಟವನ್ನು ಕೋಣೆ ಮಾಡಿಸಲು ಹೊರಟವರಲ್ಲಿ ಹತ್ತಕ್ಕೆ ಒಂಬತ್ತು ಜನ ಮೊದಲು ಯೋಚಿಸುವುದು ಕಿಟಕಿಯ ಬಗ್ಗೆ. ಯಾವ ಕಡೆಗೆ ಇಡಿಸೋಣ, ಮಲಗಿದಲ್ಲಿಂದ ಆಕಾಶ ಕಾಣುತ್ತದೆಯೇ, ಪರದೆಗೆ ಯಾವ ಬಣ್ಣ. ಅಲ್ಲಿಗೆ ಹತ್ತಿ ಹೋಗುವುದು ಹೇಗೆ ಎಂಬುದು ಅವರಿಗೆ ಹೊಳೆಯುವಷ್ಟರಲ್ಲಿ ಮಂಚ ಕೊಂಡಾಗಿರುತ್ತದೆ. ಜಾಸ್ ಪಾರ್ಡೋ ಅಂಥವಳಲ್ಲ ಎಂದು ಹೇಳಿಬಿಡಬಹುದಿತ್ತು, ಆದರೆ ಸುಳ್ಳಾಗುತ್ತದೆ. ಅವಳೂ ಕಿಟಕಿಯಿಂದಲೇ ಶುರುಮಾಡಿದಳು.

ಜಾಸ್‌ಗೆ ನಲವತ್ತಾರು. ವುಸ್ಟರ್ ಪಾರ್ಕಿನ ಒಂದು ಪ್ರಾಥಮಿಕ ಶಾಲೆಯ ಅಡುಗೆಮನೆ ಅವಳ ಕೈಯಲ್ಲಿತ್ತು. ಇನ್ನೂರ ಎಂಬತ್ತು ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿ, ಬಟಾಣಿ ತಿನ್ನದವರಿಗೆ ಬಟಾಣಿ ತಿನ್ನಿಸಿ, ಮೂರು ಗಂಟೆಗೆ ಮನೆಗೆ ಬರುವ ಹೆಂಗಸು. ಗಂಡ ಆಲಿನ್ ವೇಲ್ಸ್ ಕಡೆಯವನು, ಅಂಚೆ ಹಂಚುವ ಕೆಲಸ. ಮಗಳು ಬೆಥನ್‌ಗೆ ಹದಿನೈದು. ಇವರ ಜೊತೆಗೆ ಹತ್ತು ತಿಂಗಳಿಂದ ಆರು ವರ್ಷದ ಮೇಸಿ ಇದ್ದಳು. ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ನಮ್ಮ ಮನೆಯಲ್ಲಿ ಸಾಕುತ್ತೇವೆ ಎಂದು ಜಾಸ್ ಮತ್ತು ಆಲಿನ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದ್ದರು. ಮೇಸಿ ಹಾಗೆ ಬಂದ ಮಗು. ಅವಳ ಅಣ್ಣ ರೀಸ್, ಹನ್ನೆರಡು ವರ್ಷದವನು, ಮಾರ್ಗೇಟ್‌ನಲ್ಲಿ ಇನ್ನೊಂದು ಮನೆಯಲ್ಲಿದ್ದ. ತಿಂಗಳಿಗೊಮ್ಮೆ ಶನಿವಾರ ಇಬ್ಬರಿಗೂ ಎರಡು ಗಂಟೆಯ ಭೇಟಿ. ಅದು ಮುಗಿದ ಮೇಲೆ ಮೇಸಿ ಕಾರಿನಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ.

ಏಪ್ರಿಲ್ ಮೊದಲ ವಾರ ಮಕ್ಕಳ ಇಲಾಖೆಯ ಫೊಲಾಕೆ ಬಂದು, ಚಹಾ ಕಪ್ಪು ಕೈಯಲ್ಲಿ ಹಿಡಿದು ಕುಡಿಯದೆ ಕೂತಳು.

"ರೀಸ್‌ನ ನೋಡ್ಕೊಳ್ತಿರೋರು ವಯಸ್ಸಾಯ್ತು ಅಂತ ಆಗಸ್ಟ್ ಕೊನೇಗೆ ಬಿಡ್ತಿದಾರೆ. ಅವನಿಗೆ ಬೇರೆ ಮನೆ ಸಿಕ್ಕಿದೆ. ಕಾರ್ಲೈಲ್‌ನಲ್ಲಿ."

"ಕಾರ್ಲೈಲ್? ಇನ್ನು ಸ್ವಲ್ಪ ಹೋದ್ರೆ ಸ್ಕಾಟ್ಲೆಂಡ್ ಅಲ್ವಾ ಅದು?" ಎಂದಳು ಜಾಸ್.

"ಹೌದು. ಭೇಟಿ ವರ್ಷಕ್ಕೆ ಎರಡು ಸಲ ಆಗ್ಬಹುದು."

"ಅವನನ್ನ ಇಲ್ಲಿಗೇ ಕಳಿಸಿ."

"ಕೋಣೆ ಎಲ್ಲಿದೆ ಜಾಸ್? ಪ್ರತಿ ಮಗೂಗೂ ಬೇರೆ ಕೋಣೆ ಬೇಕು, ನಿಯಮ. ನಿಮ್ಮನೇಲಿರೋದು ಮೂರು. ನಾಲ್ಕನೇದು ಆಗಸ್ಟ್ ಒಳಗೆ ತೋರಿಸಿದ್ರೆ ನಾನು ಕಾರ್ಲೈಲ್ ಬೇಡ ಅಂತ ಬರೀತೀನಿ. ಇಲ್ದಿದ್ರೆ ನನ್ನ ಕೈಲಿಲ್ಲ."

ಫೊಲಾಕೆ ಹೋದಮೇಲೆ ಜಾಸ್ ಮಹಡಿಯ ನಡುವೆ ನಿಂತು ತಲೆ ಎತ್ತಿ ನೋಡಿದಳು. ಚೌಕನೆಯ ಮುಚ್ಚಳ, ಅದರಾಚೆ ಅಟ್ಟ. ಕ್ರಿಸ್‌ಮಸ್ ಮರ, ಹಳೆಯ ನೀರಿನ ತೊಟ್ಟಿ, ಆಲಿನ್ ಒಂದು ಸಲವೂ ಬಿಚ್ಚದ ಡೇರೆ. ಸರಿ, ಇದೇ ಎಂದು ಅವಳು ನಿರ್ಧರಿಸಿದಳು. ಜಾಸ್ ನಿರ್ಧರಿಸಿದಳೆಂದರೆ ಮನೆಯಲ್ಲಿ ಆಮೇಲೆ ಚರ್ಚೆ ನಡೆಯುವುದು ಹೇಗೆ ಎಂಬುದರ ಬಗ್ಗೆ ಮಾತ್ರ.

ಅಲ್ಲಿಯ ಪದ್ಧತಿಯಂತೆ ಮೂರು ಜನರನ್ನು ಕರೆಸಿ ಕೇಳಿದರು. ಮೊದಲನೆಯವನು ಹೊಳೆಯುವ ಪುಸ್ತಕ ತಂದಿದ್ದ. ಮಾಡಿನ ಇಳಿಜಾರಿನಲ್ಲೇ ಎರಡು ಗಾಜಿನ ಕಿಟಕಿ ಕೂರಿಸಿ, ನೆಲ ಹಾಸಿದರೆ ಮುಗಿಯಿತು, ನಾಲ್ಕೇ ವಾರ ಎಂದ. ಎರಡನೆಯವನು ಮೂಗು ಮುರಿದು, ಅದರಲ್ಲಿ ನೆಟ್ಟಗೆ ನಿಲ್ಲಲು ಆಗುವುದು ಬೆಕ್ಕಿಗೆ ಮಾತ್ರ, ಹಿಂದಿನ ಇಳಿಜಾರನ್ನು ಎತ್ತಿ ಪೆಟ್ಟಿಗೆಯಂತೆ ಹೊರಗೆ ಚಾಚಬೇಕು ಎಂದ. ಇಬ್ಬರೂ ಬಿಟ್ಟುಹೋದ ಚಿತ್ರಗಳನ್ನು ಜಾಸ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಪೆಟ್ಟಿಗೆಯದೇ ಒಳ್ಳೆಯದು ಅನ್ನಿಸಿತು. ಕಿಟಕಿ ದೊಡ್ಡದು.

ಮೂರನೆಯವನು ಕ್ಲೈವ್. ಅವನ ಬಳಿ ಪುಸ್ತಕವೇ ಇರಲಿಲ್ಲ. ಬಂದವನೇ ಅಟ್ಟಕ್ಕೆ ಹತ್ತದೆ, ಕೆಳಗಿನ ಮೆಟ್ಟಿಲಿನ ಮೇಲೆ ಅಂಗಾತ ಮಲಗಿ ಟೇಪು ಹಿಡಿದು ಮೇಲೆ ನೋಡತೊಡಗಿದ.

"ಹುಷಾರಾಗಿದೀರಾ?" ಎಂದು ಆಲಿನ್ ಕೇಳಿದ.

"ನಾನು ಹುಷಾರಾಗೇ ಇದೀನಿ. ನಿಮ್ಮ ಮೆಟ್ಟಿಲು ಹುಷಾರಿಲ್ಲ," ಎಂದ ಕ್ಲೈವ್ ಮಲಗಿದಲ್ಲಿಂದಲೇ. "ಮೇಲಕ್ಕೆ ಹೋಗೋ ಮೆಟ್ಟಿಲು ಎಲ್ಲಿಂದ ಹೋಗತ್ತೆ ಅಂತ ಆ ಇಬ್ರೂ ಹೇಳಿದ್ರಾ?"

ಯಾರೂ ಹೇಳಿರಲಿಲ್ಲ. ಇವರೂ ಕೇಳಿರಲಿಲ್ಲ.

ಕ್ಲೈವ್ ಎದ್ದು, ಗೋಡೆಗೊರಗಿ, ಲಕೋಟೆಯೊಂದರ ಹಿಂದೆ ಗೀಚಿ ತೋರಿಸಿದ. ಮನೆ ಜೋಡಿ ಮನೆ. ಎಡಗಡೆಯ ಗೋಡೆ ಪಕ್ಕದ ಪ್ರೂವೆಟ್ ಅವರ ಮನೆಗೂ ಇದಕ್ಕೂ ಒಂದೇ. ಮಾಡು ಎರಡೂ ಮನೆಗೆ ಸೇರಿ ಒಂದು ಟೋಪಿ ಇಟ್ಟ ಹಾಗಿದೆ, ಹೊರಬದಿಗಳಲ್ಲೂ ಇಳಿಜಾರು. ಈಗಿರುವ ಮೆಟ್ಟಿಲು ಬಲಬದಿಯ ಆ ಇಳಿಜಾರಿನ ಕೆಳಗೇ ಬರುತ್ತದೆ. ಅದರ ಮೇಲೆಯೇ ಹೊಸ ಮೆಟ್ಟಿಲು ಹಾಕಿದರೆ ಹತ್ತುವವನ ಹಣೆ ಮಾಡಿಗೆ ಬಡಿಯುತ್ತದೆ. ತಲೆ ತಾಗದಂತೆ ಹತ್ತಬೇಕಾದರೆ ಮೆಟ್ಟಿಲನ್ನು ಮುಂದಿನ ಪುಟ್ಟ ಕೋಣೆಯೊಳಗಿಂದ ಒಯ್ಯಬೇಕು.

"ಅಂದ್ರೆ ಮೇಸಿ ಕೋಣೆ ಹೋಗತ್ತೆ," ಎಂದಳು ಜಾಸ್.

"ಮೇಲೊಂದು ಬರತ್ತೆ, ಕೆಳಗೊಂದು ಹೋಗತ್ತೆ. ಮೂರು ಇದ್ದಿದ್ದು ಮೂರೇ. ಈ ಊರಲ್ಲಿ ಅರ್ಧ ಜನ ಹೀಗೇ ಮಾಡಿಸ್ಕೊಂಡು, ಆಮೇಲೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದಾರೆ."

"ಬೇರೆ ದಾರಿ?"

"ಇದೆ. ಬಲಬದಿಯ ಇಳಿಜಾರು ಪೂರ್ತಿ ಕಿತ್ತು, ಹೊರಗೋಡೆನ ನೆಟ್ಟಗೆ ತುದಿವರೆಗೂ ಏರಿಸೋದು. ಆಗ ಮೆಟ್ಟಿಲ ಮೇಲೇ ಮೆಟ್ಟಿಲು ಹೋಗತ್ತೆ. ಹಿಂದಕ್ಕೆ ಪೆಟ್ಟಿಗೆ. ನಾಲ್ಕು ಕೋಣೆ. ಹತ್ತು ವಾರ. ಆದ್ರೆ ಉಕ್ಕಿನ ತೊಲೆಗಳ ಒಂದು ತುದಿ ಪಕ್ಕದ ಮನೆ ಜೊತೆಗಿರೋ ಗೋಡೆ ಕೊರೆದು ಕೂರಿಸ್ಬೇಕು. ಅದಕ್ಕೆ ಅವರ ಒಪ್ಪಿಗೆ ಬೇಕು."

ಇನ್ನು ಜಾಸ್ ಮಾಡಿದ ತಪ್ಪಿನ ವಿಷಯ. ಅದು ಅವಳೊಬ್ಬಳ ತಪ್ಪಲ್ಲ, ಆ ಬೀದಿಯ ತಪ್ಪು, ಬಹುಶಃ ಆ ದೇಶದ್ದೇ. ಹದಿನಾಲ್ಕು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದ್ದರೂ ಪಾರ್ಡೋಗಳೂ ಪ್ರೂವೆಟ್‌ಗಳೂ ಹವಾಮಾನ ಮತ್ತು ಕಸದ ಡಬ್ಬಿ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಜಗಳವೇನಿರಲಿಲ್ಲ. ತೊಂದರೆ ಕೊಡಬಾರದೆಂಬ ಸಭ್ಯತೆ ಅಷ್ಟೆ. ಈ ಸಭ್ಯತೆ ಎಷ್ಟು ಮನೆಗಳನ್ನು ಹಾಳುಮಾಡಿದೆಯೋ ದೇವರೇ ಬಲ್ಲ. ಬಾಗಿಲು ತಟ್ಟಿ, "ನೋಡಿ, ಹೀಗೆ ಮಾಡಿಸ್ಬೇಕು ಅಂತಿದೀವಿ" ಎನ್ನುವ ಬದಲು ಜಾಸ್ ಕಾನೂನಿನ ನಮೂನೆಯಲ್ಲಿ ನೋಟಿಸು ಬರೆದು, ನಕ್ಷೆ ಲಗತ್ತಿಸಿ, ಲಕೋಟೆ ಅಂಟಿಸಿದಳು.

"ನೀನೇ ಅವರ ಬಾಗಿಲ ಸಂದಿಗೆ ಹಾಕಿಬಿಡು," ಎಂದಳು ಗಂಡನಿಗೆ.

"ಸ್ಟಾಂಪ್ ಹಚ್ಚು," ಎಂದ ಆಲಿನ್. "ಡ್ಯೂಟಿ ಬಟ್ಟೇಲಿ ಬಿಟ್ಟಿ ಕಾಗದ ಹಾಕಿದ್ರೆ ನನ್ನ ಕೆಲಸಕ್ಕೇ ಕುತ್ತು."

ಹದಿನೈದು ದಿನದ ಮೇಲೆ ಉತ್ತರ ಬಂತು. ಪ್ರೂವೆಟ್ ಅವರೂ ಸ್ಟಾಂಪು ಹಚ್ಚಿದ್ದರು, ಅದೂ ಅಗ್ಗದ, ನಿಧಾನವಾಗಿ ತಲುಪುವ ಎರಡನೇ ದರ್ಜೆಯದು. ಒಂಬತ್ತು ಅಂಗುಲದ ಗೋಡೆ ದಾಟಲು ಆ ಕಾಗದ ಮೂರು ದಿನ ತೆಗೆದುಕೊಂಡಿತ್ತು. ಒಳಗೆ ಒಂದೇ ಸಾಲು: ನನ್ನ ಒಪ್ಪಿಗೆ ಇಲ್ಲ.

"ಕಾನೂನು ನಿಮ್ಮ ಕಡೆಗೇ ಇದೆ," ಎಂದ ಕ್ಲೈವ್ ಫೋನಿನಲ್ಲಿ. "ಎರಡೂ ಕಡೆಯಿಂದ ಸರ್ವೇಯರ್ ಇಟ್ಕೊಂಡು ತೀರ್ಮಾನ ಮಾಡಿಸ್ಬೇಕು. ಮೂರು ತಿಂಗಳು ಹಿಡಿಯತ್ತೆ. ಅದಾದ್ಮೇಲೆ ನನ್ನ ಹತ್ತು ವಾರ."

ಅಂದರೆ ಅಕ್ಟೋಬರ್. ಜಾಸ್ ಫೋನು ಇಟ್ಟಳು. ಪಕ್ಕದ ಹಜಾರದಲ್ಲಿ ಮೇಸಿ ಸೋಫಾದ ಮೇಲೆ ಕೂತು, ಬುಧವಾರಕ್ಕೊಮ್ಮೆ ಬರುವ ಫೋನಿನಲ್ಲಿ ಅಣ್ಣನಿಗೆ ತನ್ನ ಅಲ್ಲಾಡುವ ಹಲ್ಲಿನ ವರದಿ ಒಪ್ಪಿಸುತ್ತಿದ್ದಳು. ಆ ಕಡೆಯಿಂದ ಹುಡುಗ, "ಕೀಳ್ಬೇಡ ಕಣೇ, ತಾನಾಗೇ ಬೀಳತ್ತೆ. ನಿಂದು ಮೊದಲನೇದೂ ಹಾಗೇ ಬಿದ್ದಿದ್ದು, ನಾನೇ ಇದ್ನಲ್ಲ" ಎನ್ನುತ್ತಿದ್ದ. ಜಾಸ್‌ಗೆ ಸಿಟ್ಟು ಬಂತು. ಸಿಟ್ಟಿನಲ್ಲೇ, ಮನೆಯ ಚಪ್ಪಲಿಯಲ್ಲೇ ಹೊರಟು ಪಕ್ಕದ ಬಾಗಿಲು ತಟ್ಟಿದಳು.

ಡೆಸ್ಮಂಡ್ ಪ್ರೂವೆಟ್ ಎಪ್ಪತ್ತನಾಲ್ಕರ ಸಣಕಲು ಮನುಷ್ಯ. ರೈಲ್ವೆಯಲ್ಲಿ ನಕ್ಷೆ ಬರೆಯುವವರಾಗಿ ನಿವೃತ್ತರಾದವರು. ಸರಪಳಿ ತೆಗೆಯದೆಯೇ ಬಾಗಿಲು ನಾಲ್ಕು ಬೆರಳು ತೆರೆದರು.

"ಪತ್ರ ಬರೀಬಹುದಿತ್ತಲ್ಲ, ಮಿಸೆಸ್ ಪಾರ್ಡೋ."

"ಎರಡನೇ ದರ್ಜೆ ಸ್ಟಾಂಪಿಗೆ ಕಾಯೋಷ್ಟು ಟೈಮಿಲ್ಲ, ಮಿಸ್ಟರ್ ಪ್ರೂವೆಟ್. ಯಾಕೆ ಬೇಡ ಅಂದ್ರಿ? ಮಾಡು ಒಂದು ಕಡೆ ಹರಿದ ಟೋಪಿ ಹಾಗೆ ಕಾಣತ್ತೆ ಅಂತಾನಾ? ಬೀದಿ ಅಂದ ಕೆಡತ್ತೆ ಅಂತಾನಾ?"

ಪ್ರೂವೆಟ್ ಸರಪಳಿ ತೆಗೆದು, "ಬನ್ನಿ, ಮೇಲೆ," ಎಂದರು.

ಮಹಡಿಯ ಕೋಣೆಯಲ್ಲಿ, ಎರಡೂ ಮನೆಯ ನಡುವಿನ ಗೋಡೆಗೆ ತಲೆಯಿಟ್ಟ ಮಂಚದಲ್ಲಿ, ಅವರ ಹೆಂಡತಿ ಮ್ಯೂರಿಯಲ್ ಮಲಗಿದ್ದರು. ಒಂದು ಕೈ ಹೊದಿಕೆಯ ಮೇಲೆ ಹಾಗೇ ಬಿದ್ದಿತ್ತು. ಮ್ಯೂರಿಯಲ್ ವರ್ದಿಂಗ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾರೆ ಎಂದು ಜಾಸ್ ಅಂದುಕೊಂಡಿದ್ದಳು. ಹಾಗೆ ಅಂದುಕೊಂಡು ಎರಡು ವರ್ಷವಾಗಿತ್ತು. ಯಾರನ್ನೂ ಕೇಳಿರಲಿಲ್ಲ.

"ಪಾರ್ಶ್ವವಾಯು," ಎಂದರು ಪ್ರೂವೆಟ್. "ಹೋದ ವರ್ಷ ಹಿಂದಿನ ಮನೆಯವರು ಅಂಗಳ ಕೊರೆಸಿದ್ರಲ್ಲ, ಆ ಸದ್ದಿಗೆ ಎರಡು ಸಲ ಫಿಟ್ಸ್ ಬಂತು. ಈಗ ನೀವು ಅವಳ ತಲೆ ಹತ್ರಾನೇ ಕೊರೀತೀನಿ ಅಂತ ನೋಟಿಸ್ ಕಳಿಸ್ತೀರಿ. ಏನಂತ ಬರೀಲಿ ನಾನು?"

ಮ್ಯೂರಿಯಲ್ ತುಟಿ ಆಡಿಸಿದರು. ಮಾತು ನಿಧಾನವಾಗಿ, ಒಂದೊಂದಾಗಿ ಬಂತು. "ನೀವು... ಬೆಳಗ್ಗೆ ಹಾಡ್ತೀರಿ. ರಾಗ... ಸರಿಯಿಲ್ಲ."

"ಗೊತ್ತು," ಎಂದಳು ಜಾಸ್. ಅವಳ ಕಣ್ಣು ತುಂಬಿತ್ತು. "ನನ್ನ ಗಂಡಾನೂ ಅದನ್ನೇ ಹೇಳ್ತಾನೆ."

ಸಭ್ಯರಾದವರು ಇಲ್ಲಿ ಕ್ಷಮೆ ಕೇಳಿ ಇಳಿದುಹೋಗುತ್ತಾರೆ. ಜಾಸ್‌ನ ಕಾಲು ಬಾಗಿಲ ಕಡೆ ತಿರುಗಿಯೂ ಇತ್ತು. ಆದರೆ ಕೆಳಗಿಳಿದರೆ ಕಾರ್ಲೈಲ್. ಅವಳು ಅಲ್ಲೇ ಇದ್ದ ಕುರ್ಚಿ ಎಳೆದು ಕೂತಳು.

"ನಾನು ನಿಮ್ಮನ್ನ ಒಪ್ಪಿಸೋಕೆ ಬಂದೆ. ಈಗ ಒಪ್ಪಿ ಅಂತ ಕೇಳೋಕೆ ನಂಗೆ ಬಾಯಿ ಬರಲ್ಲ. ಆದ್ರೆ ವಾಪಸ್ ಹೋಗೋಕೂ ಆಗಲ್ಲ. ನಂಗೆ ಆಗಸ್ಟ್ ಒಳಗೆ ಇನ್ನೊಂದು ಕೋಣೆ ಬೇಕೇ ಬೇಕು. ಒಂದು ಮಗು ಬರಬೇಕು. ಯಾರು ಏನು ಅಂತ ಹೇಳೋ ಹಾಗಿಲ್ಲ, ಇಲಾಖೆ ನಿಯಮ."

"ಆ ಪುಟ್ಟ ಹುಡುಗಿ ಅಣ್ಣನೇ?" ಎಂದರು ಪ್ರೂವೆಟ್.

"ಹೇಳೋ ಹಾಗಿಲ್ಲ," ಎನ್ನುತ್ತಲೇ ಜಾಸ್ ಹೌದೆಂದು ಜೋರಾಗಿ ತಲೆಯಾಡಿಸಿದಳು.

ಪ್ರೂವೆಟ್ ಡ್ರಾಯರಿನಿಂದ ಅವಳು ಕಳಿಸಿದ್ದ ನಕ್ಷೆ ತೆಗೆದು ಮಂಚದ ಕಾಲ್ದೆಸೆಯಲ್ಲಿ ಹರಡಿದರು. ಅದರ ತುಂಬ ಪೆನ್ಸಿಲ್ ಗುರುತುಗಳಿದ್ದವು. ಒಪ್ಪಿಗೆ ಇಲ್ಲ ಎಂದು ಬರೆಯುವ ಮೊದಲು ಮನುಷ್ಯ ಅದನ್ನು ಹತ್ತು ದಿನ ಓದಿದ್ದರು.

"ಇದನ್ನ ಬರೆದೋನು ಸೋಮಾರಿ," ಎಂದರು. "ತೊಲೆ ತುದಿ ನಮ್ಮ ಗೋಡೇಲೇ ಯಾಕೆ ಕೂರ್ಬೇಕು? ಸುಲಭ ಅಂತ. ನಿಮ್ಮ ಮನೆ ನಡುವೆ ಒಂದು ಗಟ್ಟಿ ಗೋಡೆ ಇದೆ, ಮುಂದೆ ಹಿಂದೆ ಹೊರಗೋಡೆಗಳಿವೆ. ತೊಲೆಗಳನ್ನ ಅಡ್ಡ ಹಾಕದೆ ಮುಂದಿಂದ ಹಿಂದಕ್ಕೆ ಹಾಕಿ, ಅವುಗಳ ಮೇಲೆ ಕಂಬ ನಿಲ್ಲಿಸಿ, ನಮ್ಮ ಗೋಡೆಯಿಂದ ಒಂದೂವರೆ ಅಡಿ ಈಚೆ ನಿಮ್ಮದೇ ಒಂದು ಗೋಡೆ ಎಬ್ಬಿಸಿ. ನಮ್ಮದನ್ನ ಮುಟ್ಟೋದೇ ಬೇಡ. ಕೋಣೆ ಸ್ವಲ್ಪ ಕಿರಿದಾಗತ್ತೆ."

"ಎಷ್ಟು ಕಿರಿದು? ಒಂದು ಮಂಚ, ಒಂದು ಮೇಜು?"

"ಹಿಡಿಯತ್ತೆ. ಇಂಜಿನಿಯರ್ ಹತ್ರ ಲೆಕ್ಕ ಹಾಕಿಸಿ, ನನ್ನ ಮಾತೊಂದನ್ನೇ ನಂಬಬೇಡಿ."

"ಹಾಗಾದ್ರೆ ನೀವು ಒಪ್ಪಿಗೆ ಕೊಡ್ತೀರಾ?"

"ಕೊಡಲ್ಲ," ಎಂದರು ಪ್ರೂವೆಟ್. "ನಮ್ಮ ಗೋಡೆ ಮುಟ್ಟದಿದ್ರೆ ನನ್ನ ಒಪ್ಪಿಗೆ ಯಾರಿಗೆ ಬೇಕು? ನಾಳೆನೇ ಶುರು ಮಾಡಿ."

ಶುರುವಾಗಲು ಇನ್ನೂ ಎರಡು ವಾರ ಹಿಡಿಯಿತು. ಇಂಜಿನಿಯರ್ ಹೊಸ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಬರೆದವರು ಯಾರು ಎಂದು ಎರಡು ಸಲ ಕೇಳಿ ಲೆಕ್ಕ ಹಾಕಿಕೊಟ್ಟ. ಕ್ಲೈವ್ ಮುಖ ಗಂಟಿಕ್ಕಿದ. ಜಾಸ್ ಅವನ ಮುಂದಿಟ್ಟ ಇನ್ನೊಂದು ಷರತ್ತು ಕೇಳಿದಮೇಲೆ ಆ ಗಂಟು ಇನ್ನೂ ಬಿಗಿಯಾಯಿತು. ಮ್ಯೂರಿಯಲ್ ಅವರನ್ನು ಮಂಗಳವಾರ ಗುರುವಾರ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಆರೈಕೆ ಕೇಂದ್ರಕ್ಕೆ ಕರೆದೊಯ್ಯುತ್ತಾರೆ. ಬಡಿಯುವುದು, ಕೊರೆಯುವುದು, ಕಿತ್ತುಹಾಕುವುದು ಎಲ್ಲ ಆ ಎರಡು ದಿನ ಮಾತ್ರ. ಉಳಿದ ದಿನ ಸುತ್ತಿಗೆ ಎತ್ತುವಂತಿಲ್ಲ.

"ಸುತ್ತಿಗೆ ಇಲ್ದೆ ಮನೆ ಕಟ್ಟು ಅಂತೀರಾ?"

"ಮೊಳೆ ಬದಲು ತಿರುಪು ಹಾಕಿ. ಗರಗಸ ಕೈಯಲ್ಲಿ ಎಳೀರಿ. ನಿಮ್ಮಪ್ಪ ಹಾಗೇ ತಾನೇ ಮಾಡ್ತಿದ್ದದ್ದು?"

"ನಮ್ಮಪ್ಪನಿಗೆ ಬೆನ್ನು ನೋವಿತ್ತು."

"ಊಟ ನಾನು ಹಾಕ್ತೀನಿ. ನಿಮ್ಮ ನಾಲ್ಕೂ ಜನಕ್ಕೆ, ದಿನಾ ಶಾಲೆಯಿಂದ ಬಂದಕೂಡ್ಲೇ, ಬಿಸಿಬಿಸಿ."

ಕ್ಲೈವ್ ಯೋಚಿಸಿದ. "ಪುಡ್ಡಿಂಗ್ ಜೊತೆಗೆ?"

"ಕಸ್ಟರ್ಡ್ ಸುರಿದು."

ಹತ್ತು ವಾರದ ಕೆಲಸ ಹದಿನಾರು ವಾರವಾಯಿತು. ಮೇ ತಿಂಗಳಲ್ಲಿ ಬಲಬದಿಯ ಹೆಂಚು ಇಳಿಯಿತು. ಹೊರಗೋಡೆ ಇಟ್ಟಿಗೆ ಇಟ್ಟಿಗೆಯಾಗಿ ಮೇಲೇರಿತು. ಬೀದಿಯವರು ನಾಯಿ ಅಡ್ಡಾಡಿಸುವ ನೆಪದಲ್ಲಿ ಬಂದು ನಿಂತು, ಜೋಡಿ ಮನೆ ಈಗ ಅರ್ಧ ಕಚ್ಚಿದ ಸೇಬಿನ ಹಾಗಿದೆ ಎಂದು ಮಾತಾಡಿಕೊಂಡರು. ಜಾಸ್ ಅವರಿಗೆಲ್ಲ ಕೈಬೀಸಿದಳು. ಜುಲೈನಲ್ಲಿ ಒಂದು ವಾರ ಬಿಡದೆ ಮಳೆ ಸುರಿದು ತಾಡಪಾಲು ಹರಿಯಿತು. ಬೆಥನ್‌ಳ ಕೋಣೆಯ ಛಾವಣಿಯಲ್ಲಿ ವೇಲ್ಸ್ ದೇಶದಾಕಾರದ ಕಲೆ ಬಿತ್ತು, ಆಲಿನ್ ಅದನ್ನು ಒರೆಸಬೇಡಿ ಎಂದ. ಕ್ಲೈವ್ ಒಂದು ಬುಧವಾರ ತಡೆಯಲಾರದೆ, "ಬರೀ ಹತ್ತು ಮೊಳೆ, ಜಾಸ್, ಹತ್ತೇ ಹತ್ತು," ಎಂದು ಗೋಗರೆದ. ಅವಳು ಸುತ್ತಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ಅಡುಗೆಮನೆಯ ಓವನ್ನಿನೊಳಗಿಟ್ಟು ಬಾಗಿಲು ಮುಚ್ಚಿದಳು. ಶಾಲೆಯ ರಜೆ ಬಂದ ಮೇಲೆ ಅವಳೇ ಹಲಗೆ ಹೊತ್ತಳು. ಅಂಚೆ ಹಂಚಿ ಬಂದ ಆಲಿನ್ ದಿನವೂ ಕತ್ತಲಾಗುವತನಕ ತಿರುಪು ತಿರುಗಿಸಿ, ಅಂಗೈ ಬೊಬ್ಬೆಗಳನ್ನು ಮೇಸಿಯ ಹತ್ತಿರ ಲೆಕ್ಕ ಮಾಡಿಸುತ್ತಿದ್ದ.

ಆಗಸ್ಟ್ ಇಪ್ಪತ್ತೇಳಕ್ಕೆ ಕಟ್ಟಡ ತಪಾಸಣೆಯವನು ಸಹಿ ಮಾಡಿದ. ಮಾರನೆಯ ದಿನ ಫೊಲಾಕೆ ಬಂದು ಹೊಸ ಮೆಟ್ಟಿಲನ್ನು ಎಲ್ಲೂ ತಲೆ ಬಗ್ಗಿಸದೆ ಹತ್ತಿದಳು. ಟೇಪು ಹಿಡಿದು ಕೋಣೆ ಅಳೆದಳು, ಇನ್ನೊಮ್ಮೆ ಅಳೆದಳು. "ಕಾರ್ಲೈಲ್‌ಗೆ ಫೋನ್ ಮಾಡ್ತೀನಿ," ಎಂದಳು. ಜಾಸ್ ಹೊಸ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಮೂವತ್ತೊಂದರ ಮಧ್ಯಾಹ್ನ ರೀಸ್ ಬಂದ. ತೆಳ್ಳಗಿನ ಹುಡುಗ, ವಯಸ್ಸಿಗಿಂತ ಎತ್ತರ. ಅವನ ಸಾಮಾನೆಲ್ಲ ಎರಡು ಕಪ್ಪು ಕಸದ ಚೀಲಗಳಲ್ಲಿತ್ತು. ಆ ಚೀಲ ನೋಡಿ ಜಾಸ್‌ಗೆ ಯಾರನ್ನಾದರೂ ಹಿಡಿದು ಹೊಡೆಯಬೇಕೆನ್ನಿಸಿತು. ಮೇಸಿ ಬಾಗಿಲಲ್ಲೇ ಅವನ ಸೊಂಟ ತಬ್ಬಿಕೊಂಡಳು. ಅವನು ಅವಳ ಬಾಯಿ ತೆರೆಸಿ ಹಲ್ಲು ಬಿದ್ದ ಜಾಗ ನೋಡಿದ. ಆಮೇಲೆ ಅವಳ ಪುಟ್ಟ ಕೋಣೆಗೆ ಹೋಗಿ, ಕಿಟಕಿಯ ಚಿಲಕ ಎಳೆದು ನೋಡಿ, ಮಂಚದ ಕೆಳಗೆ ಬಗ್ಗಿ ನೋಡಿ, ಸರಿ ಎಂಬಂತೆ ತಲೆಯಾಡಿಸಿದ. ಮನೆಯ ಒಂದೊಂದು ಬಾಗಿಲನ್ನೂ ಅವನು ಹಾಗೆಯೇ ನೋಡಿದ.

ಜಾಸ್ ಅವನನ್ನು ಮೇಲಕ್ಕೆ ಕರೆದೊಯ್ದಳು. ಮಂಚ, ಮೇಜು, ಹಿಂದಕ್ಕೆ ದೊಡ್ಡ ಕಿಟಕಿ. ಅವನು ಕಿಟಕಿಯ ಹತ್ತಿರ ಹೋಗಲಿಲ್ಲ. ಎಡಗಡೆಯ ಗೋಡೆಯ ಮೇಲೆ ಕೈಯಿಟ್ಟ.

"ಈ ಕಡೆ ಯಾರಿದಾರೆ?"

"ಮಿಸ್ಟರ್ ಪ್ರೂವೆಟ್. ಅವರ ಹೆಂಡತಿ ಮ್ಯೂರಿಯಲ್, ಹುಷಾರಿಲ್ಲ, ಕೆಳಗಿನ ಕೋಣೇಲಿ ಮಲಗಿರ್ತಾರೆ."

ರೀಸ್ ತಕ್ಷಣ ಕೂತು ಶೂ ಲೇಸು ಬಿಚ್ಚತೊಡಗಿದ. ಶೂಗಳನ್ನು ಜೋಡಿಸಿ ಬಾಗಿಲ ಪಕ್ಕ ಇಟ್ಟ, ಮೂತಿ ಹೊರಕ್ಕೆ ಮಾಡಿ. ನಾಲ್ಕು ಮನೆ ಬದಲಿಸಿದ ಹುಡುಗ. ಪರರ ಮನೆಯಲ್ಲಿ ಸದ್ದಾಗದಂತೆ ಇರುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇಲ್ಲಿ ಎಷ್ಟು ಜೋರಾಗಿ ನಡೀಬಹುದು?" ಎಂದು ಕೇಳಿದ. "ಮೊದಲೇ ಹೇಳ್ಬಿಡಿ. ಹಿಂದೆ ಒಂದು ಮನೇಲಿ ಅದಕ್ಕೇ ಕಳಿಸಿದ್ರು."

ಜಾಸ್‌ಗೆ ಏಪ್ರಿಲ್‌ನಿಂದ ಒಂದು ಸಲವೂ ಇಷ್ಟು ಅಳು ಬಂದಿರಲಿಲ್ಲ. ಅದನ್ನು ನುಂಗಿಕೊಂಡಳು.

"ಕೇಳು. ಇದು ಅವರ ಗೋಡೆ ಅಲ್ಲ. ನಿನ್ನದು. ಅವರ ಗೋಡೆ ಇದರ ಹಿಂದೆ ಒಂದೂವರೆ ಅಡಿ ದೂರದಲ್ಲಿದೆ. ಈ ಕೋಣೆ ಅದನ್ನ ಎಲ್ಲೂ ಮುಟ್ಟಿಲ್ಲ. ಹಾಗೆ ಅಂತಲೇ ಕಟ್ಟಿಸಿದ್ದು, ನೀನಿಲ್ಲಿ ನಡೀಲಿ, ಅವರಲ್ಲಿ ನಿದ್ದೆ ಮಾಡ್ಲಿ ಅಂತ. ಎಷ್ಟು ಜೋರಾಗಿ ಅಂದ್ಯಲ್ಲ?"

ಅವಳು ಬಲಗಾಲೆತ್ತಿ ಹೊಸ ಹಲಗೆಯ ಮೇಲೆ ಧಡ್ ಎಂದು ಅಪ್ಪಳಿಸಿದಳು. ಕಿಟಕಿಯ ಗಾಜು ಅದುರಿತು.

"ಇಷ್ಟು," ಎಂದಳು. "ನೀನು ಮಾಡು."

ರೀಸ್ ಬಾಗಿಲ ಬಳಿ ಹೋಗಿ ಶೂ ಹಾಕಿಕೊಂಡ, ಲೇಸು ಕಟ್ಟಿಕೊಂಡ. ಒಂದು ಕಾಲನ್ನು ಮೆಲ್ಲಗೆ ಊರಿದ. ಇನ್ನೊಂದನ್ನು ಸ್ವಲ್ಪ ಜೋರಾಗಿ. ಮೂರನೆಯ ಸಲ ಮೈಯೆಲ್ಲ ಭಾರ ಹಾಕಿ ಕುಟ್ಟಿದ, ಕುಟ್ಟಿದವನು ಉಸಿರು ಹಿಡಿದು, ಬೈಯಲು ಯಾರು ಬರುತ್ತಾರೋ ಎಂದು ಮೆಟ್ಟಿಲ ಕಡೆ ನೋಡುತ್ತ ನಿಂತ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಮೇಸಿ, ಅವಳೂ ಶೂ ಹಾಕಿಕೊಂಡು, ಒಂದೊಂದು ಮೆಟ್ಟಿಲನ್ನೂ ಕುಟ್ಟುತ್ತ ಮೇಲೆ ಬರುತ್ತಿದ್ದಳು.